ಜೈಂಟ್ ವೀಲಿಗೆ ಹುಳುಮನೆಯ ಅಳತೆ

ಅಗರದ ಶಿವರತ್ನಮ್ಮನಿಗೆ ರೋಗ ಹರಡುವ ಬಗೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷ ರೇಷ್ಮೆ ಹುಳು ಸಾಕಿದವಳು. ಅವಳ ಹುಳುಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಕಟ್ಟಿಕೊಂಡ ಗಂಡನೇ ಆದರೂ ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿಗೆ ಕಾಲು ಅದ್ದಿ, ಕೈ ತೊಳೆದೇ ಒಳಗೆ ಬರಬೇಕು. ನಾಲ್ಕು ಹುಳುವಿಗೆ ಹಾಲುತೊಂಡೆ ರೋಗ ತಗುಲಿದರೆ ಇಡೀ ಬೆಳೆ ತಿಪ್ಪೆಗೆ ಹೋಗುವುದನ್ನು ಎರಡು ಸಲ ಕಣ್ಣಾರೆ ಕಂಡಿದ್ದಳು. ಕೊರೊನಾ ಬಂದು ಊರಿಗೆ ಊರೇ ಕೈ ತೊಳೆಯಲು ಕಲಿಯುತ್ತಿದ್ದಾಗ ಅವಳಿಗೆ ನಗು ಬಂತು.

"ಹುಳಕ್ಕಿದ್ದ ಮರ್ವಾದಿ ಈಗ ಮನ್ಸರ್ಗೂ ಬಂತು ಕಣ್ರಿ," ಎಂದು ಪಕ್ಕದ ಮನೆಯವರಿಗೆ ಹೇಳಿಯೂ ಹೇಳಿದಳು.

ಅದಕ್ಕೂ ಮೊದಲೇ, ಗಂಡ ತೀರಿಕೊಂಡು, ಹಿಪ್ಪುನೇರಳೆ ತೋಟ ಮೈದುನರ ಪಾಲಿಗೆ ಹೋದ ಮೇಲೆ ಅವಳು ಕೊಳ್ಳೇಗಾಲದ ಅಂಚಿನಲ್ಲಿರುವ ಆಟದ ಪಾರ್ಕಿಗೆ ಕೆಲಸಕ್ಕೆ ಸೇರಿದ್ದಳು. ಅಲ್ಲಿನ ಜೈಂಟ್ ವೀಲಿನಲ್ಲಿ ಹನ್ನೆರಡು ತೊಟ್ಟಿಲು. ಅವನ್ನು ಒರೆಸುವುದು, ಮಕ್ಕಳನ್ನು ಕೂರಿಸುವುದು, ಅಡ್ಡಪಟ್ಟಿ ಇಳಿಸಿ ಕಬ್ಬಿಣದ ಪಿನ್ನು ಹಾಕುವುದು ಅವಳ ಕೆಲಸ. ಮೇಲೆ ಹೋಗುವಾಗ ಅರಚುವ ಮಕ್ಕಳು ಕೆಳಗಿಳಿದಾಗ "ಇನ್ನೊಂದ್ ಸಲ" ಎನ್ನುವುದನ್ನು ಕೇಳಿದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಒಂದು ಕೆಲಸ ಇಷ್ಟವಾಗಿತ್ತು.

ಕೊರೊನಾದಿಂದ ಎಂಟು ತಿಂಗಳು ಮುಚ್ಚಿದ್ದ ಪಾರ್ಕು ಆ ವರ್ಷದ ಚಳಿಗಾಲದಲ್ಲಿ ತೆರೆಯಿತು. ಬಾಗಿಲಲ್ಲಿ ಹಣೆಗೆ ಗನ್ನು ಹಿಡಿದು ಜ್ವರ ನೋಡಿದರು. ಸಾಲು ನಿಲ್ಲಲು ನೆಲದಲ್ಲಿ ಬಳೆಯಂಥ ಬಿಳಿ ವೃತ್ತ ಬರೆದರು. ಒಂದು ತೊಟ್ಟಿಲು ಬಿಟ್ಟು ಒಂದರಲ್ಲಿ ಜನ ಕೂರಬೇಕು, ಪ್ರತಿ ಸುತ್ತಿನ ನಂತರ ಸೀಟು, ಪಟ್ಟಿ, ಪಿನ್ನು ಎಲ್ಲವನ್ನೂ ಔಷಧಿ ಹಾಕಿ ಒರೆಸಬೇಕು ಎಂದು ಮ್ಯಾನೇಜರ್ ದೇವರಾಜು ಓದಿ ಹೇಳಿದ. ಮಾಸ್ಕನ್ನು ಗಡ್ಡಕ್ಕೆ ಇಳಿಸಿಕೊಂಡೇ ಓದಿದ. ಆಮೇಲೆ ಎಲ್ಲರಿಗೂ ಒಂದೊಂದು ಬಾಟಲಿ ಕೊಟ್ಟ.

ಶಿವರತ್ನಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಗುಲಾಬಿ ವಾಸನೆ! ಗುಲಾಬಿಗೆ ಹೆದರಿ ಓಡುವ ರೋಗ ಯಾವುದಿದ್ದೀತು? ಕಣ್ಣಲ್ಲಿ ನೀರು ಬರಿಸದ ಔಷಧಿಯನ್ನು ಅವಳು ಔಷಧಿಯೆಂದೇ ಎಣಿಸುತ್ತಿರಲಿಲ್ಲ. ಮರುದಿನದಿಂದ ಆ ಬಾಟಲಿಯನ್ನು ಮೂಲೆಗಿಟ್ಟು, ಬ್ಲೀಚಿಂಗ್ ಪೌಡರ್ ತಂದು, ತಗಡಿನ ಬಕೆಟ್ಟಿನಲ್ಲಿ ಹುಳುಮನೆಯ ಅಳತೆಗೇ ಕಲೆಸಿಕೊಂಡಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮಕ್ಕಳು ಕೂರುವ ಜಾಗ, ಒಂದು ಹಿಡಿ ಹೆಚ್ಚೇ ಇರಲಿ ಎಂದುಕೊಂಡಳು. ಅವಳ ಹುಳುಮನೆಯಲ್ಲಿ ತಟ್ಟೆಗಳು ಬಿದಿರಿನವು, ಅಟ್ಟಣೆ ಮರದ್ದು. ಆ ನೀರು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ನೋಡುವ ಸಂದರ್ಭ ಅವಳಿಗೆ ಬಂದೇ ಇರಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ಬಕೆಟ್ಟು ಎತ್ತಿದರೆ ನೀರು ಕಾಲ ಮೇಲೆ ಸುರಿಯಿತು. ತಳ ಜರಡಿಯಾಗಿತ್ತು. ಹಳೇ ಬಕೆಟ್ಟು ಎಂದು ಬೈದುಕೊಂಡು ಐದನೇ ತೊಟ್ಟಿಲ ಪಿನ್ನು ಎಳೆದಳು. ಅದು ಅವಳ ಬೆರಳಲ್ಲೇ ಎರಡು ತುಂಡಾಯಿತು. ಅವಳು ತುಂಡನ್ನು ನೋಡಿದಳು, ಬಕೆಟ್ಟನ್ನು ನೋಡಿದಳು. ಉಳಿದ ಪಿನ್ನುಗಳನ್ನು ಒಂದೊಂದಾಗಿ ಎಳೆಯುತ್ತ ಬಂದಳು. ಇನ್ನೆರಡು ಮುರಿದವು, ಮಿಕ್ಕವು ಹಪ್ಪಳದಂತೆ ಪದರ ಬಿಟ್ಟಿದ್ದವು.

ದೇವರಾಜುವಿಗೆ ತೋರಿಸಿದಾಗ ಅವನು, "ತುಕ್ಕಿಡೀದೆ ಇರೋ ಕಬ್ಣ ಎಲ್ಲದೆ ರತ್ನಕ್ಕ? ಇವತ್ತೊಂದಿನ ತಂತಿ ಸುತ್ತಿ ಬುಡಿ, ನಾಳೆ ಮಾಡಿಸ್ಮ," ಎಂದ.

"ತುಕ್ಕು ತಾನಾಗೇ ಇಡ್ದುದ್ದಲ್ಲ ಸಾ. ನಾನು ಬ್ಲೀಚಿಂಗ್ ಪೌಡ್ರು ಆಕಿ ಒರೆಸ್ತಿದ್ದಿ. ಹುಳಿನ ಮನೆಗ್ ಆಕೋವಷ್ಟು. ಕಣ್ಗೆ ಕಾಣ್ದೆ ಇರೋ ಕಡೆ ಇನ್ನೆಷ್ಟು ತಿಂದದೋ ಗೊತ್ತಿಲ್ಲ."

ದೇವರಾಜು ಮುರಿದ ಪಿನ್ನನ್ನು ಮೇಜಿನ ಮೇಲಿಟ್ಟು ಕಿಟಕಿಯಾಚೆ ನೋಡಿದ. ಹೊರಗೆ ಬಿಳಿ ಬಳೆಗಳಲ್ಲಿ ಆಗಲೇ ಜನ ನಿಂತಿದ್ದರು.

"ಉಗುರಲ್ಲಿ ಓಗೋದುಕ್ಕೆ ಕೊಡ್ಲಿ ತಕಂಡ್ರಲ್ಲಕ್ಕ," ಎಂದ. "ಈ ಮಾತ ಯಾರ್ಗೂ ಏಳ್ಬೇಡಿ. ಈಗ್ತಾನೆ ಜನ ಧೈರ್ಯ ಮಾಡಿ ಬತ್ತಾವ್ರೆ. ವೀಲ್ ನಿಲ್ಸುದ್ರೆ ನಿಮ್ ಕೆಲ್ಸನೂ ಓಯ್ತದೆ, ನನ್ ಕೆಲ್ಸನೂ ಓಯ್ತದೆ. ತಂತಿ ಸುತ್ತಿ."

ತಂತಿ ಸುತ್ತುವುದು ಐದು ನಿಮಿಷದ ಕೆಲಸ. ಸುತ್ತಿದರೆ ಅವಳ ಕೆಲಸ ಉಳಿಯುತ್ತಿತ್ತು. ಬಹುಶಃ ಅಂದು ಏನೂ ಆಗುತ್ತಲೂ ಇರಲಿಲ್ಲ. ಅವಳು ಅವನು ಮುಂದಿಟ್ಟ ತಂತಿಯ ಸುರುಳಿಯನ್ನು ಮೇಜಿನ ಮೇಲೇ ಬಿಟ್ಟು ಸಾಲಿನ ಮುಂದೆ ಹೋಗಿ ನಿಂತಳು. ಮಾಸ್ಕು ಇಳಿಸಿದಳು. ಅವಳು ಪಾರ್ಕಿನ ನಿಯಮ ಮುರಿದದ್ದು ಅದು ಎರಡನೇ ಸಲ.

"ಇದ್ಕೆ ಯಾರೂ ಕೂರ್ಬೇಡಿ," ಎಂದು ಕೂಗಿದಳು. "ಪಿನ್ನು ಮುರಿತಾವೆ. ತಪ್ಪು ಪಾರ್ಕ್ನೋರ್ದಲ್ಲ, ನಂದು. ನಾನೇ ಕೆಟ್ಟ ನೀರ್ ಆಕಿ ಒರೆಸ್ಬುಟ್ಟೆ."

ಕೆಲವರು ನಕ್ಕರು. ಒಬ್ಬ ಮೊಬೈಲು ಎತ್ತಿ ವಿಡಿಯೊ ಮಾಡಿದ. ಹಿಂದಿನಿಂದ ಬಂದ ದೇವರಾಜು, ನಾಳೆಯಿಂದ ಬರಬೇಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅದು ಅವಳಿಗೆ ಗೊತ್ತಿದ್ದ ಮಾತೇ. ಸಾಲು ಕರಗಿತು. ಹನೂರು ಕಡೆಯ ಒಬ್ಬ ಹೆಂಗಸು ಮಾತ್ರ ಏಳೆಂಟು ವರ್ಷದ ಮಗಳ ಕೈ ಹಿಡಿದುಕೊಂಡು ತನ್ನ ಬಿಳಿ ಬಳೆಯೊಳಗೇ ನಿಂತಿದ್ದಳು.

"ಓದ್ ವಾರ ನನ್ ಮಗೀನ ಕೂರ್ಸಿ ಪಿನ್ ಆಕ್ದೋರು ನೀವೇ ಅಲ್ವ?"

"ನಾನೇ ಕಣವ್ವ."

"ಮಗಿ ಎದ್ರುಕೊಂಡಿತ್ತು. ಏನೂ ಆಗದಿಲ್ಲ ಕೂತ್ಕ ಅಂದ್ರಿ."

"ಅಂದಿ ಕಣವ್ವ."

ಆ ಹೆಂಗಸು ಬಯ್ಯಲಿಲ್ಲ. ಸೊಂಟದ ಮೇಲೆ ಕೂರುವ ವಯಸ್ಸು ಎಂದೋ ದಾಟಿದ್ದ ಮಗಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಗೇಟಿನತ್ತ ನಡೆದಳು. ನಾಲ್ಕು ಬಯ್ದು ಹೋಗಿದ್ದರೆ ಚೆನ್ನಾಗಿತ್ತು ಎಂದು ಶಿವರತ್ನಮ್ಮನಿಗೆ ಅನ್ನಿಸಿತು.