ಎಳ್ಳಮಾಸಿ ಭಜ್ಜಿಗೆ ಏಳನೆಯ ಸೊಪ್ಪು

ತುರ್ವಿಹಾಳದ ಗಿರಿಯಮ್ಮನ ದನಿ ಇಂದಿಗೂ ಒಡೆದೇ ಇದೆ. ೧೯೯೬ರಲ್ಲಿ ಮೂರು ಮಧ್ಯಾಹ್ನ ಆಕೆ ನನಗೆ ನಿಲ್ಲಿಸಿ ನಿಲ್ಲಿಸಿ ಹೇಳಿದ್ದು ಇಷ್ಟು.

ಕಾಲುವೆ ಇಲಾಖೆಯ ಸಾಹೇಬರೊಬ್ಬರ ಮನೆಯಲ್ಲಿ ಆಕೆ ಕಸ ಮುಸುರೆ ಮಾಡುತ್ತಿದ್ದಳು. ವರ್ಗವಾಗಿ ಹೋಗುವಾಗ ಅವರು ಪಡಸಾಲೆಯ ಶೋ ಗಿಡವನ್ನು ಬಿಟ್ಟುಹೋದರು: ಅಗಲವಾದ ಹಸಿರೆಲೆ, ಮೇಲೆ ಸುಣ್ಣ ಚಿಮುಕಿಸಿದಂಥ ಚುಕ್ಕೆ. ಗಿರಿಯಮ್ಮ ಅದನ್ನು ಎಣ್ಣೆ ಡಬ್ಬಿಯಲ್ಲಿ ನೆಟ್ಟು, ಕಾಂಡದ ತುಂಡುಗಳನ್ನು ಓಣಿಯ ನಾಲ್ಕು ಮನೆಗೆ ಹಂಚಿದಳು.

೧೯೯೨ರ ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ. ಅಂದು ಭೂಮ್ತಾಯಿಯ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಮಾಡುವ ಭಜ್ಜಿಗೆ, ಆ ಬೆರಕೆ ಸೊಪ್ಪಿನ ಪಲ್ಯಕ್ಕೆ, ಏಳು ಸೊಪ್ಪು ಬೀಳಬೇಕು. ಜೋಳ ಬೆಳೆಯುತ್ತಿದ್ದಾಗ ಅವು ಬದುವಿನಲ್ಲೇ ಸಿಗುತ್ತಿದ್ದವು. ಕಾಲುವೆ ನೀರಿಗೆ ನೆಲ್ಲು ಬಂದು, ಕಳೆ ಔಷಧ ಹೊಡೆದ ಮೇಲೆ ಆರೇ ಸಿಕ್ಕವು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿ ಕೆಸುವಿನೆಲೆಯನ್ನು ಚಾಮ ಎಲೆಯೆಂದು ಹುಣಸೆ ಹಾಕಿ ಬೇಯಿಸುವುದನ್ನು ಆಕೆ ಕಂಡಿದ್ದಳು. ಡಬ್ಬಿಯ ಗಿಡದ್ದೂ ಅಂಥದೇ ಎಲೆ. ಕೊಯ್ದಳು.

ಹೆಚ್ಚುವಾಗಲೇ ಬೆರಳು ಉರಿಯತೊಡಗಿತು. ಸೊಸೆ ಆದೆಮ್ಮ ಏಳು ತಿಂಗಳ ಬಸುರಿ, ಅವಳು ಗಮನಿಸಿದಳು.

“ಕೈ ಯಾಕ ತುರಿಸಿಕೊಳ್ಳಾಕತ್ತಿ, ಅತ್ತಿ?”

“ಚಾಮ ಎಲಿ ಹಂಗ ಬೇ. ಹುಣಸಿ ಹಿಂಡಿದ್ರ ಸುಮ್ಮನಾಗತೈತಿ.”

ಹೊಲ ಮುಟ್ಟಿದರೂ ಉರಿ ನಿಲ್ಲಲಿಲ್ಲ. ಭೂಮಿಗೆ ಚರಗವಾಗುವ ಮುನ್ನ ಅಡುಗೆಯನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಭಜ್ಜಿಯ ರುಚಿ ಯಾರಿಗೂ ತಿಳಿದಿರಲಿಲ್ಲ. ಚರಗದ ನಂತರದ ಮೊದಲ ತುತ್ತು ಆ ಮನೆಯಲ್ಲಿ ಬಸುರಿಯದು. ಗಿರಿಯಮ್ಮನ ಗಂಡ ತಾಯಪ್ಪ ಚರಗಕ್ಕೆಂದು ಬುಟ್ಟಿ ಎತ್ತಿದ. ಆದೆಮ್ಮ ಉಣ್ಣಲು ಕುಳಿತಳು. ಗಿರಿಯಮ್ಮ ತನ್ನ ಬಾತ ಬೆರಳುಗಳನ್ನೊಮ್ಮೆ ನೋಡಿ, ಗಡಿಗೆಗೆ ಕೈ ಹಾಕಿ ಒಂದು ತುತ್ತು ನುಂಗಿದಳು.

“ಚರಗ ಇನ್ನೂ ಆಗಿಲ್ಲ. ಹುಚ್ಚು ಹಿಡದೈತೇನು ನಿನಗ?” ಎಂದ ತಾಯಪ್ಪ.

ಅಷ್ಟರಲ್ಲಿ ಗಿರಿಯಮ್ಮನ ನಾಲಿಗೆ ಬಾತು ಬಾಯಿ ತುಂಬಿತ್ತು, ಜೊಲ್ಲು ಸೋರುತ್ತಿತ್ತು. ಆಕೆ ಗಡಿಗೆಯನ್ನು ಒದ್ದು ಮಣ್ಣಿಗೆ ಉರುಳಿಸಿದಳು. ಮೈಮೇಲೆ ಏನೋ ಬಂದಿದೆಯೆಂದು ಕೈಕಟ್ಟಿ ಮನೆಗೆ ಕರೆತಂದರು. ನಾಲ್ಕನೆಯ ದಿನ ನಾಲಿಗೆ ಹೊರಳಿದಾಗ ಆಡಿದ ಮೊದಲ ಮಾತು: “ಆದಿ ತಿಂದ್ಲೇನು?”

ತಿಂದಿರಲಿಲ್ಲ.

ಗಿಡವನ್ನು ಕಿತ್ತು ಹೂತಳು. ಹಂಚಿದ ತುಂಡುಗಳು ಉಳಿದವು. ಎಲೆಯೇ ವಿಷವೆಂದರೆ ಓಣಿ ಆಕೆಯನ್ನು ನಂಬುವುದಿಲ್ಲ. ಭೂಮ್ತಾಯಿಯ ಎಡೆಯನ್ನು ಎಂಜಲು ಮಾಡಿದ್ದಕ್ಕೇ ದನಿ ಹೋಯಿತೆನ್ನುತ್ತದೆ. ಆದರೂ ಪ್ರತಿ ಎಳ್ಳಮಾಸಿಯ ಬೆಳಗ್ಗೆ ಆಕೆ ಆ ಗಿಡವಿರುವ ಮನೆಗಳ ಬಾಗಿಲಿಗೆ ಎಚ್ಚರಿಸಲು ಹೋಗುತ್ತಾಳೆ. ಮೊದಲು ನಾಲ್ಕು ಮನೆಗಳಿದ್ದವು, ಈಗ ಹನ್ನೊಂದು.

ಈ ವರ್ಷ ಕೊನೆಯ ಮನೆ ತಲುಪುವಷ್ಟರಲ್ಲಿ ಭಜ್ಜಿ ಕುದಿಯುತ್ತಿತ್ತು. ಸೊಪ್ಪು ಎಷ್ಟೆಂದು ಕೇಳಿದಳು. ಏಳು ಎಂದರು. ಬಾಗಿಲ ಬಳಿಯ ಡಬ್ಬಿಯ ಚುಕ್ಕೆ ಗಿಡದಲ್ಲಿ ಆಗಷ್ಟೇ ಎಲೆ ಕೊಯ್ದ ಎರಡು ತೊಟ್ಟುಗಳಿಂದ ನೀರು ಜಿನುಗುತ್ತಿತ್ತು. ಏನೋ ಹೇಳಹೋದಳು, ದನಿ ಹೊರಡಲಿಲ್ಲ. ಆಕೆ ನೇರ ಒಲೆಯ ಕಡೆಗೆ ನಡೆದಳು.