ಅಮ್ಮ ಹೋಗಿರಲಿಲ್ಲ

ಮಹಡಿ ಮನೆಯಿಂದ ಅರೆದ ಬೇವಿನ ವಾಸನೆ ಇಳಿದು ಬರುತ್ತಿದೆ. ಅಲ್ಲಿನ ಪುಟ್ಟ ಹುಡುಗಿಗೆ ಮೈತುಂಬ ಗುಳ್ಳೆ. "ಪಾಪೂಗೆ ಅಮ್ಮ ಆಗಿದೆ ಮೇಡಂ. ಶುಕ್ರವಾರ ತಲೆಗೆ ನೀರು ಹಾಕಿ ಕಳಿಸ್ಬಿಡ್ತೀವಿ" ಎಂದಳು ಅವಳ ತಾಯಿ.

ನೋಡಿ, ಈ ಅಮ್ಮನಿಗೆ ನಮ್ಮಲ್ಲಿ ಎಷ್ಟು ಮರ್ಯಾದೆ! ಮೊಸರನ್ನವಿಟ್ಟು ಬೀಳ್ಕೊಡುತ್ತೇವೆ. ಚಾಮರಾಜಪೇಟೆಯ ನನ್ನ ಸೋದರತ್ತೆಗೆ ಚಿಕ್ಕಂದಿನಲ್ಲಿ ಅಮ್ಮ ಆದಾಗಲೂ ಮನೆಯವರು ಹಾಗೆಯೇ ಕಳಿಸಿದ್ದರಂತೆ. ಆದರೆ ಅಮ್ಮ ಹೋಗುವುದಿಲ್ಲ. ಬಸವನಗುಡಿಯ ಕಾಲೇಜಿನಲ್ಲಿ ವರ್ಷವರ್ಷವೂ ಇದನ್ನೇ ಪಾಠ ಮಾಡಿದವಳು ನಾನು. ಗುಳ್ಳೆ ತಂದ ವೈರಸ್ಸು ನರದ ಜೀವಕೋಶದೊಳಗೆ ತನ್ನ ಜೀನ್‌ಗಳನ್ನು ಮುಚ್ಚಿಟ್ಟುಕೊಂಡು ಕೂರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಅವು ತೆರೆದುಕೊಳ್ಳುತ್ತವೆ. ಜೀನ್ ಓದಿ ನಕಲು ತೆಗೆಯುವ ಯಂತ್ರ ಅದಕ್ಕೆ ಸ್ವಂತದ್ದಿಲ್ಲ, ನಮ್ಮ ಕೋಶದ್ದನ್ನೇ ಹಿಡಿಯುತ್ತದೆ. ಮೊದಲು ಅಪ್ಪಣೆ ಕೊಡುವ ಪ್ರೋಟೀನುಗಳ ನಕಲು, ಅವುಗಳ ಅಪ್ಪಣೆಯಂತೆ ಮರಿ ಹಾಕುವ ಸಲಕರಣೆ, ಕೊನೆಗೆ ಮೇಲುಹೊದಿಕೆ. "ಮದುವೆಮನೆ ಅಡುಗೆಯವರಿಗೂ ಇಷ್ಟು ಕ್ರಮ ಇರಲ್ಲ" ಎಂದು ಹುಡುಗರನ್ನು ನಗಿಸುತ್ತಿದ್ದೆ.

ಅತ್ತೆ ರವಿಕೆ ಹೊಲಿಯುತ್ತಿದ್ದರು. ಅರವತ್ತು ದಾಟಿದ ಮೇಲೆ ಒಂದು ದಿನ ಹಣೆಯ ಬಲಗಡೆ ಉರಿ, ಆಮೇಲೆ ಗುಳ್ಳೆ. ಚಿಕ್ಕಂದಿನಲ್ಲಿ ಕಳಿಸಿದ್ದ ಅದೇ ಅಮ್ಮ.

"ಸರ್ಪಸುತ್ತು ಕಣೆ. ಹೆಡೆ ಬಾಲ ಸೇರಿದ್ರೆ ಮುಗೀತು. ಅಕ್ಕಿಪೇಟೇಲಿ ಒಬ್ರು ಕೆಮ್ಮಣ್ಣು ಮಂತ್ರಿಸಿ ಹಚ್ತಾರೆ. ಮೂರು ದಿನ. ಅಲ್ಲೀವರ್ಗೂ ಮಾತ್ರೆ ಮುಟ್ಟೋ ಹಾಗಿಲ್ಲ. ಏನಂತೀಯ?"

"ಹೂಂ ಅತ್ತೆ" ಎಂದೆ. ಹಿರಿಯರೊಡನೆ ವಾದ ಯಾಕೆಂದು, ಮೇಜಿನ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳಿವೆಯೆಂದು. ಆಟೋ ಹತ್ತಿಸಿ ಮೂರು ದಿನವೂ ನಾನೇ ಕರೆದೊಯ್ದೆ. ವೈರಸ್ಸು ಮರಿ ಹಾಕುವುದನ್ನು ತಡೆಯುವ ಮಾತ್ರೆ ಶುರುವಾಗಬೇಕಾದದ್ದು ಆ ಮೂರು ದಿನಗಳಲ್ಲೇ ಎಂದು ನನಗೆ ಗೊತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನಾಲ್ಕನೆಯ ದಿನ ಕಣ್ಣಿನ ಡಾಕ್ಟರು ಕೆಂಪುಮಣ್ಣು ಒರೆಸಿ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೆಲವೇ ತಿಂಗಳಲ್ಲಿ ಬಲಗಣ್ಣು ಹೋಯಿತು. ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಡುತ್ತಾ ಅತ್ತೆ ಒಮ್ಮೆ ಹೇಳಿದರು: "ಓದಿರೋಳು ನೀನೇ ಹೂಂ ಅಂದ್ಯಲ್ಲ, ಅದಕ್ಕೇ ಧೈರ್ಯವಾಗಿದ್ದೆ." ದನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

ಇವತ್ತು ಸುಮ್ಮನಿರಲಾಗದೆ ಮಹಡಿ ಹತ್ತಿದೆ. "ನೀರು ಹಾಕಮ್ಮ, ಬೇಡ ಅನ್ನಲ್ಲ. ಆದ್ರೆ ಇದು ಹೋಗಲ್ಲ, ನರದಲ್ಲೇ ಕೂತಿದ್ದು ವಯಸ್ಸಾದ್ಮೇಲೆ ಸರ್ಪಸುತ್ತಾಗಿ ಏಳಬಹುದು. ಮುಂದೆ ಮನೇಲಿ ಯಾರಿಗೇ ಸರ್ಪಸುತ್ತು ಆದ್ರೂ ಅವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗು." ಅತ್ತೆಯ ಕಣ್ಣಿನ ವಿಷಯವನ್ನೂ ಹೇಳಿದೆ.

"ಅಯ್ಯೋ ಪಾಪ! ತಿಳಿದೋರು ಯಾರೂ ಜೊತೇಲಿ ಇರ್ಲಿಲ್ವಾ ಮೇಡಂ?"

"ನಾನಿದ್ದೆ" ಎಂದೆ.