ಗ್ರಂಧಿಗೆ ಅಂಗಡಿಯಲ್ಲಿ ನನ್ನ ಪುಸ್ತಿಕೆ

ಧಾರವಾಡದ ರೈಲಿಗೆ ಇನ್ನೂ ಹೊತ್ತಿತ್ತು. ಅಮ್ಮನ ಕಷಾಯಕ್ಕೆ ಹಿಪ್ಪಲಿ ಕೊಳ್ಳಲೆಂದು ಮಾಮೂಲ್‌ಪೇಟೆಯ ಗ್ರಂಧಿಗೆ ಅಂಗಡಿಯೊಂದನ್ನು ಹೊಕ್ಕೆ. ಗಲ್ಲಾಪೆಟ್ಟಿಗೆಯ ಪಕ್ಕ ದಾರದಲ್ಲಿ ತೂಗುತ್ತಿದ್ದ ಪುಸ್ತಿಕೆಯನ್ನು ಕನ್ನಡಕ್ಕೆ ತಂದವನು ನಾನೇ. ಅಳಿವಿನಂಚಿನ ಗಿಡಮೂಲಿಕೆಗಳನ್ನು ಉಳಿಸಲು ಅಂತಾರಾಷ್ಟ್ರೀಯ ಸಂಸ್ಥೆಯೊಂದು ಮಾಡಿದ ಪಟ್ಟಿ ಅದು. ಬೆರಳಾಡಿ ಆಡಿ ಹಾಳೆಗಳು ಕಪ್ಪಾಗಿದ್ದವು. ಇಷ್ಟು ಓದಿದ್ದಾರಲ್ಲ ಎಂದು ಹಿಗ್ಗಿದೆ.

“ಇದು ಉಪಯೋಗ ಆಯ್ತಾ?” ಎಂದು ಅಂಗಡಿಯ ಯಜಮಾನರನ್ನು ಕೇಳಿದೆ.

“ಏನ್ ಸಾರ್ ಹೀಗ್ ಕೇಳ್ತೀರಾ! ಯಾವ ಬೇರು ಕಾಡಲ್ಲಿ ಖಾಲಿ ಆಗ್ತಿದೆ ಅಂತ ಇದ್ರಲ್ಲೇ ಗೊತ್ತಾಗೋದು. ಹೆಸರು ಬಂದ ತಕ್ಷಣ ಮೂಟೆಗಟ್ಟಲೆ ಕೀಳಿಸಿ ತರಿಸಿಟ್ಬಿಡ್ತೀವಿ.”

ಅವರು ನಗುತ್ತಲೇ ಹಿಪ್ಪಲಿಯ ಪೊಟ್ಟಣ ಕಟ್ಟಿದರು.

“ಮುಂದಿನ ಪಟ್ಟಿ ಯಾವಾಗ ಬರತ್ತೆ, ಏನಾದ್ರೂ ಗೊತ್ತಾ ಸಾರ್?”

ಸಂಸ್ಥೆಯವರು ಅನುವಾದಕ್ಕೆಂದು ನಿನ್ನೆಯಷ್ಟೇ ಕೊಟ್ಟಿದ್ದ ಅದರ ಕರಡು ನನ್ನ ಹೆಗಲ ಚೀಲದಲ್ಲಿತ್ತು.